ತಗ್ಗಿನ ಹಿತ್ತಲಿಗೆ ಹಳ್ಳದ ದಂಡೆಯ ಗಿಡ

ಇವತ್ತಿನ ಮಾತು ಬೇಲಿಯದು. ಹೊಲದ ಬೇಲಿಯಲ್ಲ, ಮನೆಯ ಹಿತ್ತಲಿನ ಬೇಲಿ. ಅದರಲ್ಲೂ ಮಳೆಗಾಲ ಬಂತೆಂದರೆ ನೀರು ನಿಲ್ಲುವ ತಗ್ಗಿನ ಹಿತ್ತಲಿನ ಬೇಲಿ. ಮಾನ್ವಿ ಸೀಮೆಯ ಕಲ್ಲೂರು, ಅದರ ಸುತ್ತಿನ ಹಳ್ಳಿಗಳು, ದೇವದುರ್ಗದ ಎರೆ ಭೂಮಿಯ ಊರುಗಳು, ರಾಯಚೂರು ನಗರದ ಅಂಚಿನಲ್ಲಿ ಹೊಲ ಒಡೆದು ಮಾಡಿದ ಬಡಾವಣೆಗಳು, ಇಲ್ಲೆಲ್ಲ ಇಂಥ ಹಿತ್ತಲುಗಳು ಬೇಕಾದಷ್ಟಿವೆ. ಜೂನ್ ತಿಂಗಳಲ್ಲಿ ಆಸೆಯಿಂದ ಗಿಡ ಹಚ್ಚುತ್ತಾರೆ. ಆಷಾಢ, ಶ್ರಾವಣದಲ್ಲಿ ಚಿಗುರುತ್ತದೆ. ದಸರೆ ಹೊತ್ತಿಗೆ ಎಲೆ ಹಳದಿಯಾಗಿ, ದೀಪಾವಳಿಗೆ ಬರೀ ಕಡ್ಡಿ ನಿಂತಿರುತ್ತದೆ. ಆಗ ಕೆಲವರು ಸಸಿ ಕೊಟ್ಟವನನ್ನು ಬೈಯುತ್ತಾರೆ, ಕೆಲವರು ತಮ್ಮ ಕೈಗುಣ ಸರಿಯಿಲ್ಲ ಅಂದುಕೊಳ್ಳುತ್ತಾರೆ. ಬಹಳ ಸಲ ತಪ್ಪು ಸಸಿಯದೂ ಅಲ್ಲ, ಕೈಯದೂ ಅಲ್ಲ. ಆ ನೆಲಕ್ಕೆ ಆ ಗಿಡ ಸಲ್ಲದು, ಅಷ್ಟೆ.

ಯಾವ ಗಿಡ ಸಲ್ಲುತ್ತದೆ ಎಂಬುದನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು, ಬೇಲಿಯ ವಿಷಯದಲ್ಲಿ ನಾವು ಎಡವುತ್ತಿರುವುದು ಎಲ್ಲಿ ಎಂದು ನೋಡೋಣ.

ನಮ್ಮದು ಕೃಷ್ಣಾ, ತುಂಗಭದ್ರಾ ಎರಡು ಹೊಳೆಗಳ ನಡುವಿನ ಎಡೆದೊರೆ ನಾಡು. ಹೊಳೆ ಎರಡಿದ್ದರೂ ಮಳೆ ಕಡಿಮೆ. ವರ್ಷಕ್ಕೆ ಸುಮಾರು 600ರಿಂದ 700 ಮಿಲಿಮೀಟರ್. ಹೀಗಾಗಿ ನಮ್ಮ ಹಿರಿಯರ ಬೇಲಿ ಒಣ ಭೂಮಿಯ ಬೇಲಿ. ಪಾಪಸಕಳ್ಳಿ, ಕೊಂಬುಗಳ್ಳಿ, ಕತ್ತಾಳೆ. ಹಚ್ಚಿದ ಮೇಲೆ ನೀರು ಹಾಕುವ ಮಾತೇ ಇಲ್ಲ. ಕಲ್ಲಿನ ಸಂದಿಯಲ್ಲೂ ಬದುಕುವ, ಆಡು ಬಾಯಿ ಹಾಕದ ಗಿಡಗಳು. ಅವರ ಕಾಲಕ್ಕೆ, ಅವರ ನೆಲಕ್ಕೆ ಅದು ತಕ್ಕ ಆಯ್ಕೆ.

ಆಮೇಲೆ ನೆಲದ ಸ್ವರೂಪ ಬದಲಾಯಿತು. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ಕಾಲುವೆಗೆ ನೀರು ಬಿಡಲು ಶುರುವಾಯಿತು. 227 ಕಿಲೋಮೀಟರ್ ಉದ್ದದ ಎಡದಂಡೆ ಮುಖ್ಯ ಕಾಲುವೆ ಸಿಂಧನೂರು, ಮಾನ್ವಿ ದಾಟಿ ರಾಯಚೂರಿನ ಕಡೆಗೆ ಬಂತು. ಮುಂದೆ ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗದ ಸೀಮೆಗೂ ನೀರು ತಂದಿತು. ತುಂಗಭದ್ರಾ ಯೋಜನೆ ಹಾಕಿದವರ ಲೆಕ್ಕದಲ್ಲಿ ಇದು ಹೆಚ್ಚಾಗಿ ಜೋಳ, ಹತ್ತಿ, ಶೇಂಗಾದಂಥ ಅರೆ ನೀರಾವರಿ ಬೆಳೆಗಳ ಭೂಮಿ. ಆದರೆ ನೀರು ಬಂದಲ್ಲೆಲ್ಲ ಭತ್ತ ಬಂತು. ಕಾಲುವೆಯ ಕೊನೆಯ ಭಾಗದವರಿಗೆ ಬೆಳೆಗೆ ನೀರು ಮುಟ್ಟದೆ ಒದ್ದಾಟ. ಅದೇ ಹೊತ್ತಿಗೆ ಗದ್ದೆಗಳ ಕೆಳಗಿನ ತಗ್ಗಿನಲ್ಲಿರುವವರಿಗೆ ಬಸಿನೀರಿನ ಕಾಟ. ಒಂದೇ ತಾಲೂಕಿನಲ್ಲಿ ಈ ಎರಡೂ ಸಂಕಟ ಇವೆ. ಗದ್ದೆಯ ನೀರು ಬಸಿದು ಹಳ್ಳ ಸೇರಬೇಕು. ಹಳ್ಳದಲ್ಲಿ ಹೂಳು ತುಂಬಿದೆ, ಜಾಲಿ ಬೆಳೆದಿದೆ. ನೀರು ಮುಂದಕ್ಕೆ ಹೋಗದೆ ತಗ್ಗಿನ ಹಿತ್ತಲಿನಲ್ಲಿ ನಿಲ್ಲುತ್ತದೆ. ಇದರ ಜೊತೆಗೆ, ನಮ್ಮಲ್ಲಿ ಅತಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್ ತಿಂಗಳಲ್ಲಿ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಹಾಮಳೆಯನ್ನು ನಮ್ಮ ಜಿಲ್ಲೆಯವರು ಯಾರೂ ಮರೆತಿಲ್ಲ.

ಹೀಗೆ ನೆಲ ಬದಲಾಯಿತು. ಬೇಲಿಯ ತಿಳುವಳಿಕೆ ಮಾತ್ರ ಹಳೆಯದೇ ಉಳಿಯಿತು. ಜವಳು ಹಿಡಿದ ಹಿತ್ತಲಿಗೂ ಕಳ್ಳಿ ಹಚ್ಚುತ್ತೇವೆ, ಅದು ಬುಡದಲ್ಲಿ ಕೊಳೆಯುತ್ತದೆ. ಇಲ್ಲವೇ ನರ್ಸರಿಗೆ ಹೋಗಿ ಕಣ್ಣಿಗೆ ಚಂದ ಕಂಡದ್ದನ್ನು ತರುತ್ತೇವೆ, ಅದೂ ಉಳಿಯುವುದಿಲ್ಲ.

ಗಿಡ ಸಾಯುವುದು ಯಾಕೆ? ಬೇರಿಗೆ ನೀರು ಬೇಕು, ಅಷ್ಟೇ ಗಾಳಿಯೂ ಬೇಕು. ಮಣ್ಣಿನ ಕಣಗಳ ನಡುವಿನ ಸಂದಿಯಲ್ಲಿ ಗಾಳಿ ಇರುತ್ತದೆ, ಬೇರು ಅದರಿಂದ ಉಸಿರಾಡುತ್ತದೆ. ನೀರು ನಿಂತಾಗ ಆ ಸಂದಿಗಳೆಲ್ಲ ತುಂಬಿಹೋಗುತ್ತವೆ. ಗಾಳಿಯಲ್ಲಿ ಆಮ್ಲಜನಕ ಹರಡುವುದಕ್ಕಿಂತ ನಿಂತ ನೀರಿನಲ್ಲಿ ಹರಡುವುದು ಸುಮಾರು 10,000 ಪಟ್ಟು ನಿಧಾನ. ಬೇರು ಉಸಿರುಗಟ್ಟಿ ಸಾಯುತ್ತದೆ, ಆಮೇಲೆ ಕೊಳೆರೋಗದ ಶಿಲೀಂಧ್ರ ಸೇರುತ್ತದೆ. ಸತ್ತ ಬೇರು ನೀರು ಎಳೆಯಲಾರದು. ಆದ್ದರಿಂದ ನೀರಿನಲ್ಲಿ ನಿಂತ ಗಿಡವೇ ಬಾಯಾರಿದ ಗಿಡದಂತೆ ಬಾಡುತ್ತದೆ. ತಾಯಂದಿರೆ, ಇದನ್ನು ದಯವಿಟ್ಟು ನೆನಪಿಡಿ. ಮಳೆಗಾಲದಲ್ಲಿ ಗಿಡ ಬಾಡಿತೆಂದು ಕೊಡ ತುಂಬಿ ಮತ್ತೆ ನೀರು ಹಾಕಬೇಡಿ. ಬುಡದ ಮಣ್ಣನ್ನು ಗೇಣುದ್ದ ಅಗೆದು ಮುಟ್ಟಿ ನೋಡಿ. ಮಣ್ಣು ಅಂಟಂಟಾಗಿ, ಕೆಟ್ಟ ವಾಸನೆ ಬರುತ್ತಿದ್ದರೆ ಆ ಗಿಡಕ್ಕೆ ಬೇಕಾದುದು ನೀರಲ್ಲ, ಬಸಿಗಾಲುವೆ.

ನಮ್ಮ ಎರೆಮಣ್ಣಿನಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಎರೆಯಲ್ಲಿ ಜೇಡಿಯ ಅಂಶ ಬಹಳ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಮಳೆ ಬಿದ್ದ ಮೇಲೆ ಉಬ್ಬಿ ಬಿರುಕು ಮುಚ್ಚಿತೆಂದರೆ ಮೇಲಿನ ನೀರು ಕೆಳಗಿಳಿಯುವುದೇ ಕಷ್ಟ. ಹೀಗೆ ಉಬ್ಬಿ ಕುಗ್ಗುವ ಮಣ್ಣು ಆಳವಿಲ್ಲದ ಪಾಯದ ಕಾಂಪೌಂಡ್ ಗೋಡೆಯನ್ನೂ ಸೀಳಿಬಿಡುತ್ತದೆ. ನೀರು ಹೋಗಲು ಕಿಂಡಿ ಬಿಡದೆ ಕಟ್ಟಿದ ಗೋಡೆ ಹಿತ್ತಲನ್ನು ಹೊಂಡ ಮಾಡುತ್ತದೆ. ತಗ್ಗಿನ ಜಾಗಕ್ಕೆ ಜೀವಂತ ಬೇಲಿಯೇ ಮೇಲು ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಬೇಲಿ ಆಡು, ಹಂದಿಯನ್ನು ತಡೆಯುತ್ತದೆ, ನೀರನ್ನು ತಡೆಯುವುದಿಲ್ಲ.

ಹಾಗಾದರೆ ಎಂಥ ಗಿಡ ಬೇಕು? ನಿಂತ ನೀರನ್ನು ತಾಳುವ ಗಿಡ ಅಂದರೆ ಸಾಲದು. ಮಲೆನಾಡಿನಲ್ಲಿ, ಕರಾವಳಿಯಲ್ಲಿ ನೀರು ತಡೆಯುವ ಗಿಡಗಳು ಬಹಳ ಇವೆ. ಅವನ್ನು ತಂದು ಇಲ್ಲಿ ಹಚ್ಚಿದರೆ ಸೆಪ್ಟೆಂಬರ್ ದಾಟಿಯಾವು, ಮೇ ತಿಂಗಳು ದಾಟಲಾರವು. ನಮ್ಮ ಬಿಸಿಲು 40 ಡಿಗ್ರಿ ಮೀರುತ್ತದೆ. ಬಿಸಿಲು ತಡೆಯುವ ಒಣನಾಡಿನ ಗಿಡ ತಂದರೆ ಅದು ಮೇ ದಾಟೀತು, ಸೆಪ್ಟೆಂಬರ್ ದಾಟಲಾರದು. ಮಳೆಗಾಲದಲ್ಲಿ ಕಾಲು ಮುಳುಗುವಷ್ಟು ನೀರು, ಬೇಸಿಗೆಯಲ್ಲಿ ಬಿರುಕು ಬಿಟ್ಟ ನೆಲ, ಎರಡನ್ನೂ ತಡೆಯುವ ಗಿಡ ನಮಗೆ ಬೇಕು.

ಅಂಥ ಗಿಡಗಳು ಇರುವ ಜಾಗ ನಮ್ಮ ಊರ ಮಗ್ಗುಲಲ್ಲೇ ಇದೆ. ಅದು ಹಳ್ಳದ ದಂಡೆ. ನಮ್ಮ ಬಯಲುಸೀಮೆಯ ಹಳ್ಳ ಮಳೆಗಾಲದಲ್ಲಿ ದಂಡೆ ಮೀರಿ ಹರಿಯುತ್ತದೆ, ಬೇಸಿಗೆಯಲ್ಲಿ ಮರಳಷ್ಟೇ ಉಳಿಯುತ್ತದೆ. ಅಲ್ಲಿ ತಾನಾಗಿ ಬೆಳೆದು, ಹತ್ತಾರು ವರ್ಷ ನಿಂತ ಗಿಡ ಎರಡೂ ಪರೀಕ್ಷೆಯಲ್ಲಿ ಗೆದ್ದ ಗಿಡ. ಬೇಲಿಗೆ ಏನು ಹಚ್ಚಲಿ ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ: ನರ್ಸರಿಗೆ ಹೋಗುವ ಮೊದಲು ಹಳ್ಳಕ್ಕೆ ಹೋಗಿ ಬನ್ನಿ.

ಅಲ್ಲಿ ಮೊದಲು ಕಾಣುವುದು ಲಕ್ಕಿ. ಕೈಬೆರಳಿನಂತೆ ಐದು ಎಲೆ, ಅಡಿಗೆ ಬೂದಿ ಬಿಳುಪು, ನೀಲಿ ನೇರಳೆ ಬಣ್ಣದ ಸಣ್ಣ ಹೂಗೊಂಚಲು. ಹಸಿ ಹಿತ್ತಲಿನ ಬೇಲಿಗೆ ನಾನು ಮೊದಲ ಸ್ಥಾನ ಕೊಡುವುದು ಇದಕ್ಕೆ. ಕಾಸು ಖರ್ಚಿಲ್ಲ, ಹೆಬ್ಬೆರಳು ದಪ್ಪದ ಕಡ್ಡಿ ಕಡಿದು ನೆಟ್ಟರೆ ಚಿಗುರುತ್ತದೆ. ಅದರ ಕಟು ವಾಸನೆಗೆ ಆಡು, ದನ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಕತ್ತರಿಸಿದಷ್ಟೂ ಬುಡದಿಂದ ಟಿಸಿಲು ಒಡೆಯುತ್ತದೆ. ಎಲೆಯನ್ನು ಕಾಳಿನ ಚೀಲದಲ್ಲಿ ಹುಳ ಬೀಳದಂತೆ ಇಡುತ್ತಾರೆ, ಬಾಣಂತಿಯ ಸ್ನಾನದ ನೀರಿಗೆ ಹಾಕುತ್ತಾರೆ. ಕಡ್ಡಿಯಿಂದ ಬುಟ್ಟಿ ಹೆಣೆಯುತ್ತಾರೆ. ಹೂವಿಗೆ ಜೇನುನೊಣ ಬರುತ್ತದೆ. ಲಕ್ಕಿಗೆ ಮುಳ್ಳಿಲ್ಲ ಎಂಬುದೊಂದೇ ಕೊರತೆ. ಹಂದಿ ಕಾಟ ಇದ್ದಲ್ಲಿ ಇದೊಂದೇ ಸಾಲದು, ಜೊತೆಗೆ ಮುಳ್ಳಿನ ಗಿಡವೂ ಬೇಕು.

ಮುಳ್ಳಿನ ಸಾಲಿಗೆ ಸೀಮೆಹುಣಸೆ ಒಳ್ಳೆಯದು. ಇಲಾಚಿ ಹುಣಸೆ ಅಂತಲೂ ಕರೆಯುತ್ತಾರೆ. ಸುರುಳಿ ಸುತ್ತಿದ ಕಾಯಿ, ಒಳಗೆ ಬಿಳಿ, ಕೆಂಪು ತಿರುಳು, ಮಕ್ಕಳು ಕಲ್ಲೆಸೆದು ಉದುರಿಸುವ ಮರ. ಇದರ ಮೂಲ ಮೆಕ್ಸಿಕೊ, ಮಧ್ಯ ಅಮೆರಿಕದ ಕಡೆಯದು. ಆದರೂ ನಮ್ಮ ಬಿಸಿಲಿಗೂ ಸವಳಿಗೂ ಚೆನ್ನಾಗಿ ಒಗ್ಗಿಕೊಂಡಿದೆ. ಬೀಜವನ್ನು ಗೇಣಿಗೊಂದರಂತೆ ಎರಡು ಸಾಲು ಊರಿ, ಮೊಣಕಾಲೆತ್ತರ ಬಂದಾಗಿನಿಂದ ತುದಿ ಕತ್ತರಿಸುತ್ತ ಬಂದರೆ ಎರಡು ಮೂರು ವರ್ಷದಲ್ಲಿ ದಟ್ಟ ಮುಳ್ಳುಗೋಡೆ ಆಗುತ್ತದೆ. ಕತ್ತರಿಸುವುದನ್ನು ಬಿಟ್ಟರೆ ಮರವಾಗಿ ಬುಡ ಬೋಳಾಗುತ್ತದೆ, ಆಗ ಬೇಲಿಯ ಕೆಲಸಕ್ಕೆ ಬಾರದು.

ಹೊಂಗೆಯನ್ನು ನಾವು ಮರವೆಂದೇ ನೋಡಿದ್ದೇವೆ. ಒತ್ತಾಗಿ ಹಚ್ಚಿ ಕತ್ತರಿಸುತ್ತ ಬಂದರೆ ಅದು ಎದೆಮಟ್ಟದ ಬೇಲಿಯೂ ಆಗುತ್ತದೆ. ಹೊಳೆ, ಹಳ್ಳದ ದಂಡೆ ಅದರ ತವರು. ನೀರು ನಿಂತರೂ ತಡೆಯುತ್ತದೆ, ಸವಳನ್ನೂ ಬಹಳಮಟ್ಟಿಗೆ ತಾಳುತ್ತದೆ. ಕತ್ತರಿಸಿದ ಸೊಪ್ಪು ಗದ್ದೆಗೆ ಹಸಿರುಗೊಬ್ಬರ. ಹಿತ್ತಲಿನ ನಾಲ್ಕು ಮೂಲೆಗೆ ಒಂದೊಂದು ಹೊಂಗೆಯನ್ನು ಮರವಾಗಿಯೇ ಬಿಟ್ಟರೆ ನೆರಳೂ ಆಯಿತು, ತಂತಿ ಕಟ್ಟಲು ಕಂಬವೂ ಆಯಿತು. ಜಾಗ ಇದ್ದವರು ಹಿಂಬದಿಯ ಅತಿ ತಗ್ಗಿನಲ್ಲಿ ನಮ್ಮ ನಾಡಿನ ಕರಿಜಾಲಿಯನ್ನೂ ಬಿಡಬಹುದು. ಅದು ನೀರು, ಸವಳು ಎರಡನ್ನೂ ತಡೆಯುತ್ತದೆ, ಕಾಯಿ ಆಡಿಗೆ ಮೇವು.

ಈಗ ಲಾವಂಚದ ಮಾತು. ಇದು ಗಿಡವಲ್ಲ, ಹುಲ್ಲು. ದಾಟದಂತೆ ತಡೆಯುವ ಮುಳ್ಳುಬೇಲಿ ಇದಲ್ಲ. ಬದುವಿನ ಮಣ್ಣನ್ನು ಹಿಡಿದು ನಿಲ್ಲಿಸುವ ಬೇಲಿ ಇದು. ಇದರ ಬೇರು ಪಕ್ಕಕ್ಕೆ ಹರಡದೆ ನೇರ ಕೆಳಗಿಳಿಯುತ್ತದೆ, ಒಳ್ಳೆಯ ನೆಲದಲ್ಲಿ ಮೂರು ಮೀಟರ್‌ವರೆಗೂ. ತಿಂಗಳುಗಟ್ಟಲೆ ನೀರು ನಿಂತರೂ ಸಾಯದು, ಬೇಸಿಗೆಯಲ್ಲಿ ಒಣಗಿದಂತೆ ಕಂಡರೂ ಮಳೆಗೆ ಮತ್ತೆ ಹಸಿರಾಗುತ್ತದೆ. 1980ರ ದಶಕದಲ್ಲಿ ಮಣ್ಣಿನ ಸವಕಳಿ ತಡೆಯುವ ದಾರಿ ಹುಡುಕುತ್ತಿದ್ದ ವಿಶ್ವಬ್ಯಾಂಕಿನ ಕೃಷಿ ತಜ್ಞರು ನಮ್ಮದೇ ರಾಜ್ಯದ ಗುಂಡ್ಲುಪೇಟೆಯ ಕಡೆಗೆ ಹೋದಾಗ, ಅಲ್ಲಿಯ ರೈತರು ತಲೆಮಾರುಗಳಿಂದ ಹೊಲದ ಗಡಿಗೆ ಲಾವಂಚ ಹಚ್ಚಿಕೊಂಡು ಬಂದಿದ್ದು ಕಂಡಿತು. ಮುಂದೆ ಆ ಹುಲ್ಲಿನ ಬೇಲಿಯ ಪದ್ಧತಿ ಹಲವು ದೇಶಗಳಿಗೆ ಹಬ್ಬಿತು. ಕನ್ನಡನಾಡಿನ ರೈತರ ಈ ತಿಳುವಳಿಕೆಯನ್ನು ಹೊರದೇಶದವರು ಕಲಿತುಕೊಂಡರು, ನಮ್ಮ ಎಡೆದೊರೆಯ ನಾವೂ ಕಲಿಯೋಣ. ಬೇಲಿಯ ಬದುವಿನ ಹೊರ ಇಳಿಜಾರಿಗೆ ಅರ್ಧ ಗೇಣಿಗೊಂದು ಬುಡ ಹಚ್ಚಿದರೆ ಮಳೆಗೆ ಬದು ಕೊಚ್ಚಿ ಹೋಗುವುದಿಲ್ಲ.

ವರ್ಷಪೂರ್ತಿ ಕಾಲುವೆಯ ಬಸಿನೀರು ಇಳಿಯುವ ಜಾಗವಿದ್ದರೆ ಅಲ್ಲಿಗೆ ಕೇದಿಗೆ ಬಂದೀತು, ಮುಳ್ಳಂಚಿನ ಎಲೆ ಒಳ್ಳೆಯ ತಡೆ. ಆದರೆ ಅದು ಬಹಳ ಜಾಗ ತಿನ್ನುತ್ತದೆ, ಸಣ್ಣ ಹಿತ್ತಲಿಗೆ ಬೇಡ. ಬಚ್ಚಲ ನೀರು ಹೋಗುವ ಕಡೆಗೆ ಕಾಬಾಳೆ ಸಾಲು ಹಚ್ಚಿ, ನೀರನ್ನೂ ಹೀರುತ್ತದೆ, ಹೂವನ್ನೂ ಕೊಡುತ್ತದೆ. ಮೊದಲ ವರ್ಷವೇ ಮರೆ ಬೇಕು ಅನ್ನುವವರು ಬೇಲಿಯ ಒಳಸಾಲಿಗೆ ಚೊಗಚೆ ಬೀಜ ಊರಬಹುದು. ಚೊಗಚೆ, ಹಸಿರುಗೊಬ್ಬರದ ಡಯಾಂಚ, ಇವೆಲ್ಲ ಒಂದೇ ಬಳಗ. ನೀರು ನಿಂತಾಗ ಕಾಂಡದ ಬುಡದಲ್ಲಿ ಗಾಳಿ ಓಡಾಡುವ ಮೃದುವಾದ ಪದರ ಬೆಳೆಸಿಕೊಳ್ಳುವ ಗುಣ ಇವಕ್ಕಿದೆ. ಭತ್ತ ಕೆಸರಿನಲ್ಲಿ ಬದುಕುವುದೂ ಇಂಥದೇ ಗುಣದಿಂದ. ನಾಲ್ಕಾರು ವರ್ಷದಲ್ಲಿ ಚೊಗಚೆ ಮುದಿಯಾಗುವ ಹೊತ್ತಿಗೆ ನಿಜವಾದ ಬೇಲಿ ಬೆಳೆದಿರುತ್ತದೆ.

ಕಣಗಿಲೆಯ ವಿಷಯ ಮಾತ್ರ ಎಚ್ಚರದಿಂದ ಹೇಳಬೇಕು. ಗುಣ ನೋಡಿದರೆ ಇದರಂಥ ಗಿಡ ಸಿಗುವುದು ಕಷ್ಟ. ಹಳ್ಳದ ದಂಡೆಯಲ್ಲಿ ಬೆಳೆಯುತ್ತದೆ, ಬಿಸಿಲು, ಸವಳು ಎರಡಕ್ಕೂ ಬಗ್ಗದು, ವರ್ಷವಿಡೀ ಹೂ. ಹೆದ್ದಾರಿಯ ನಡುಪಟ್ಟಿಗೆ ಇದನ್ನು ಹಚ್ಚಿದ್ದು ನೀವು ನೋಡಿರುತ್ತೀರಿ. ಆದರೆ ಇದರ ಎಲೆ, ಕಾಂಡ, ಹೂ, ಬೇರು ಎಲ್ಲವೂ ವಿಷ. ಹಸಿ ಎಲೆಯಷ್ಟೇ ಒಣ ಎಲೆಯೂ ವಿಷ. ಕಡಿದ ಕೊಂಬೆಯನ್ನು ಒಲೆಗೆ ಹಾಕಿದರೆ ಹೊಗೆಯೂ ಕೆಟ್ಟದ್ದು. ಆಡು, ಎಮ್ಮೆ ಕಟ್ಟುವ ಮನೆ, ಬಾಯಿಗೆ ಏನಾದರೂ ಹಾಕಿಕೊಳ್ಳುವ ಸಣ್ಣ ಮಕ್ಕಳಿರುವ ಮನೆ, ಇವರ ಹಿತ್ತಲಿಗೆ ಕಣಗಿಲೆ ಬೇಡವೇ ಬೇಡ. ದೇವರ ಪೂಜೆಗೆ ಹೂ ಬೇಕಾದರೆ ಮನೆ ಮುಂದೆ, ದನದ ಹಾದಿಯಿಂದ ದೂರ, ಒಂದೆರಡು ಗಿಡ ಸಾಕು.

ಇನ್ನು ಬೇಡದ ಗಿಡಗಳು. ಬಳ್ಳಾರಿ ಜಾಲಿ ಮೊದಲನೆಯದು. ಅದು ನೀರಲ್ಲೂ ಬೆಳೆಯುತ್ತದೆ, ಬಿಸಿಲಲ್ಲೂ ಬೆಳೆಯುತ್ತದೆ, ನಿಜ. ಆದರೆ ಅದರ ಕಾಯಿ ತಿಂದ ದನ, ಆಡುಗಳ ಸಗಣಿ, ಹಿಕ್ಕೆಯಲ್ಲಿ ಬೀಜ ಊರೆಲ್ಲ ಹರಡುತ್ತದೆ. ನಮ್ಮ ಹಳ್ಳ, ಕೆರೆ, ಬಸಿಗಾಲುವೆಗಳು ಮುಚ್ಚಿ ಹೋಗುವುದರಲ್ಲಿ ಅದರ ಪಾಲು ದೊಡ್ಡದು. ಹಿತ್ತಲಿನಲ್ಲಿ ನೀರು ನಿಲ್ಲಿಸಿದ ಗಿಡವನ್ನೇ ಹಿತ್ತಲಿಗೆ ಬೇಲಿ ಮಾಡುವುದು ಸರಿಯಲ್ಲ. ಅದನ್ನು ಕಡಿದು ತಂದು ಒಣಮುಳ್ಳಾಗಿ ಬಳಸಿ, ನೆಡಬೇಡಿ. ಎರಡನೆಯದು ಕೆರೆ, ಕಾಲುವೆಯ ದಂಡೆಯಲ್ಲಿ ತಿಳಿ ನೇರಳೆ ಬಣ್ಣದ ತುತ್ತೂರಿ ಹೂ ಬಿಡುವ, ಹಿಂದಿಯಲ್ಲಿ ಬೇಶರಮ್ ಎಂದು ಕರೆಯುವ ಗಿಡ. ಕಡ್ಡಿ ಎಸೆದರೂ ಬೇರು ಬಿಡುತ್ತದೆ, ಸುಲಭವೆಂದು ಜನ ಬೇಲಿಗೆ ಹಚ್ಚುತ್ತಾರೆ. ಬರಗಾಲದಲ್ಲಿ ಬೇರೆ ಹಸಿರು ಸಿಗದೆ ಇದನ್ನು ಮೇಯ್ದ ಆಡುಗಳು ನಡುಕ, ಸೊರಗು ಬಂದು ಸಾಯುತ್ತವೆ. ನೀರಿನ ದಾರಿಯನ್ನೂ ಇದು ಮುಚ್ಚುತ್ತದೆ.

ನುಗ್ಗೆ, ಬೇವು, ಪಪ್ಪಾಯಿ, ದಾಸವಾಳ, ಬೇಲಿಗೆಂದು ಹಚ್ಚುವ ಕಾಡುಹರಳು, ಇವು ಕೆಟ್ಟ ಗಿಡಗಳಲ್ಲ. ಆದರೆ ಬುಡದಲ್ಲಿ ನೀರು ನಿಂತರೆ ತಡೆಯುವುದಿಲ್ಲ. ಮದರಂಗಿ, ಕವಳಿಯಂಥ ಒಳ್ಳೆಯ ಬೇಲಿ ಗಿಡಗಳನ್ನೂ ಹಿತ್ತಲಿನ ಎತ್ತರದ ಅಂಚಿಗಷ್ಟೇ ಹಚ್ಚಬೇಕು.

ಎತ್ತರ ಯಾವುದು, ತಗ್ಗು ಯಾವುದು ಎಂಬುದು ಕಣ್ಣಳತೆಗೆ ಸಿಗುವುದಿಲ್ಲ. ಅದಕ್ಕೊಂದು ಸರಳ ಪರೀಕ್ಷೆ ಇದೆ. ಉತ್ತರಾ ಮಳೆಯ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ನಡುವೆ, ಬೇಲಿ ಹೋಗುವ ದಾರಿಯಲ್ಲಿ ಅಲ್ಲಲ್ಲಿ ಎರಡಡಿ ಆಳದ ಕುಣಿ ತೆಗೆಯಿರಿ. ತಾನಾಗಿ ನೀರು ಒಸರಿ ಬಂದರೆ ಅಂತರ್ಜಲ ಬೇರಿನ ಮಟ್ಟಕ್ಕೆ ಬಂದಿದೆ ಎಂದರ್ಥ. ಒಸರದಿದ್ದರೆ ನೀವೇ ತುಂಬಿಸಿ. ಮರುದಿನದ ಹೊತ್ತಿಗೆ ಇಂಗಿದ್ದರೆ ಚಿಂತೆಯಿಲ್ಲ, ಮದರಂಗಿಯೂ ಬಂದೀತು. ಎರಡು ಮೂರು ದಿನ ನಿಂತರೆ ಲಕ್ಕಿ, ಸೀಮೆಹುಣಸೆ. ವಾರ ದಾಟಿದರೂ ನೀರು ಹಾಗೇ ಇದ್ದರೆ ಅಲ್ಲಿಗೆ ಹೊಂಗೆ, ಕರಿಜಾಲಿ, ಲಾವಂಚ. ಒಂದೇ ಹಿತ್ತಲಿನ ನಾಲ್ಕು ಬದಿಗೆ ಒಂದೇ ಗಿಡ ಹಚ್ಚಬೇಕೆಂಬ ಹಟ ಬೇಡ. ಬೇಲಿ ಒಂದೇ ತೆರನಾಗಿ ಕಾಣದಿದ್ದರೂ ನಷ್ಟವಿಲ್ಲ, ಎಲ್ಲೂ ಸಂದಿ ಬೀಳದೆ ಉಳಿಯುವುದು ಮುಖ್ಯ.

ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿ ಪುಡಿ ಕಾಣಿಸಿದರೆ ಅದು ಸವಳು. ಕೆಳಗಿನ ನೀರು ಮೇಲೇರಿ ಆವಿಯಾಗಿ ಉಪ್ಪು ಉಳಿದಿದೆ. ಅಲ್ಲಿಯ ಮಣ್ಣನ್ನು ರೈತ ಸಂಪರ್ಕ ಕೇಂದ್ರದ ಮೂಲಕ ಪರೀಕ್ಷೆ ಮಾಡಿಸಿ. ಲವಣದ ಅಳತೆ ಮೀಟರಿಗೆ 4 ಡೆಸಿಸೀಮೆನ್ಸ್ ಮೀರಿದರೆ ಸವಳು ನೆಲವೆಂದು ಲೆಕ್ಕ. ಅದನ್ನು ನೀರು ಹಾಯಿಸಿ ತೊಳೆದು ಬಸಿಯಬೇಕು. ರಸಸಾರ ಎಂಟೂವರೆ ಮೀರಿ ಸೋಡಿಯಂ ಹೆಚ್ಚಿದ್ದರೆ ಜಿಪ್ಸಂ ಹಾಕಬೇಕಾಗುತ್ತದೆ. ಎರಡಕ್ಕೂ ಮದ್ದು ಬೇರೆ ಬೇರೆ, ಆದ್ದರಿಂದ ಪರೀಕ್ಷೆಯಿಲ್ಲದೆ ಸುಮ್ಮನೆ ಏನನ್ನೂ ಸುರಿಯಬೇಡಿ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಈ ಸವಳು, ಜವಳು ಭೂಮಿಯ ಮೇಲೆ ಬಹಳ ವರ್ಷಗಳಿಂದ ಕೆಲಸ ನಡೆದಿದೆ. ರಾಯಚೂರಿನಲ್ಲೇ ಕೃಷಿ ವಿಶ್ವವಿದ್ಯಾಲಯ ಇದೆ. ಕೇಳಿದರೆ ಹೇಳುವವರು ಹತ್ತಿರದಲ್ಲೇ ಇದ್ದಾರೆ.

ಇನ್ನು ಹಚ್ಚುವ ರೀತಿ. ತಗ್ಗಿನಲ್ಲಿ ಕುಣಿ ತೆಗೆದು ಗಿಡ ನೆಡುವುದು ದೊಡ್ಡ ತಪ್ಪು. ಎರೆಯಲ್ಲಿ ತೆಗೆದ ಕುಣಿಯಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಕುಣಿಯ ಬದಲು ಬದು ಹಾಕಿ. ಬುಡಕ್ಕೆ ಮೂರಡಿ ಅಗಲ, ಒಂದೂವರೆಯಿಂದ ಎರಡಡಿ ಎತ್ತರ. ಒಳಬದಿಯಿಂದ ಮಣ್ಣು ತೆಗೆದರೆ ಅದೇ ಬಸಿಗಾಲುವೆ ಆಗುತ್ತದೆ, ಅದನ್ನು ಹಳ್ಳದ ಕಡೆಗೆ ಇಳಿಜಾರು ಮಾಡಿ. ಬರೀ ಎರೆಯ ಬದು ಬೇಸಿಗೆಯಲ್ಲಿ ಬಿರಿದು ಬೇರು ಹರಿಯುತ್ತದೆ, ಆದ್ದರಿಂದ ಗರಸು ಮತ್ತು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಬೆರೆಸಿ. ಈ ಕೆಲಸ ಬೇಸಿಗೆಯಲ್ಲೇ ಮುಗಿಯಬೇಕು. ಎರೆ ಹಸಿಯಿದ್ದಾಗ ತುಳಿದರೆ ಮಣ್ಣು ಗಟ್ಟಿಯಾಗಿ ಗಾಳಿಯಾಡದು.

ಹಚ್ಚಲು ಒಳ್ಳೆಯ ಹೊತ್ತು ಮೃಗಶಿರಾ, ಆರಿದ್ರಾ ಮಳೆ. ಜೂನ್‌ನಲ್ಲಿ ಹಚ್ಚಿದರೆ ಹುಬ್ಬಾ, ಉತ್ತರಾ ಮಳೆಯ ಹೊತ್ತಿಗೆ ಬೇರು ಕಚ್ಚಿರುತ್ತದೆ. ಆಗಸ್ಟ್ ಕೊನೆಗೆ ಹಚ್ಚಿದ ಎಳೆ ಸಸಿ ಸೆಪ್ಟೆಂಬರಿನ ನೀರಿಗೆ ಸಿಕ್ಕಿ ಸಾಯುತ್ತದೆ. ತಡವಾಯಿತೆ? ದೀಪಾವಳಿ ತನಕ ತಾಳಿ, ನೆಲ ಆರಿದ ಮೇಲೆ ಹಚ್ಚಿ, ಆ ಬೇಸಿಗೆ ಮಾತ್ರ ವಾರಕ್ಕೊಮ್ಮೆ ನೀರು ಕೊಡಿ. ಎರಡು ಸಾಲು ಹಾಕಿ, ಒಂದು ಸಾಲಿನ ಸಂದಿಗೆ ಇನ್ನೊಂದು ಸಾಲಿನ ಗಿಡ ಬರುವಂತೆ. ಲಕ್ಕಿಗೆ ಒಂದರಿಂದ ಒಂದೂವರೆ ಅಡಿ ಅಂತರ ಸಾಕು. ಬುಡಕ್ಕೆ ಭತ್ತದ ಹುಲ್ಲು, ತೊಗರಿ ಹೊಟ್ಟು ಮುಚ್ಚಿದರೆ ಬೇಸಿಗೆಯಲ್ಲಿ ಬಿರುಕು ಕಡಿಮೆ, ಸವಳು ಮೇಲೇರುವುದೂ ಕಡಿಮೆ. ಕಾಂಡಕ್ಕೆ ಮಾತ್ರ ಹುಲ್ಲು ತಾಗಬಾರದು, ನಾಲ್ಕು ಬೆರಳು ದೂರ ಇರಲಿ. ಮೊದಲೆರಡು ವರ್ಷ ಹೊರಗಡೆ ಒಣಮುಳ್ಳಿನ ಬೇಲಿ ಇಲ್ಲದೆ ಯಾವ ಎಳೆಗಿಡವೂ ಆಡಿನ ಬಾಯಿಂದ ಉಳಿಯದು. ಕಡಿದ ಬಳ್ಳಾರಿ ಜಾಲಿ ಕೆಲಸಕ್ಕೆ ಬರುವುದು ಇಲ್ಲೇ.

ಜೀವಂತ ಬೇಲಿಯಲ್ಲಿ ಹಾವು ಸೇರುತ್ತದೆಂಬ ಹೆದರಿಕೆ ಅನೇಕರಿಗಿದೆ. ಹಾವು ಬರುವುದು ಇಲಿಗೆ, ಕಪ್ಪೆಗೆ. ಬೇಲಿಯ ಬುಡದಲ್ಲಿ ಕಟ್ಟಿಗೆ, ಕಲ್ಲು, ಕಸ ಒಟ್ಟಬೇಡಿ. ಗಿಡ ಬೆಳೆದ ಮೇಲೆ ಬುಡದಿಂದ ಒಂದು ಗೇಣು ಎಲೆ ಸವರಿ ನೆಲ ಕಾಣುವಂತೆ ಇಡಿ, ಹುಲ್ಲಿನ ಹೊದಿಕೆ ತೆಳ್ಳಗಿರಲಿ. ಆದರೂ ಬುಡಕ್ಕೆ ಕೈ ಹಾಕುವಾಗ ಮೊದಲು ಕೋಲು ಆಡಿಸುವುದನ್ನು ಮರೆಯಬೇಡಿ. ಸೊಳ್ಳೆಯ ಮಾತು ಬಂದರೆ, ಅದು ಮೊಟ್ಟೆಯಿಡುವುದು ನಿಂತ ನೀರಿನಲ್ಲಿ. ಬಸಿಗಾಲುವೆ ಹರಿಯುತ್ತಿದ್ದರೆ ಅರ್ಧ ಕಾಟ ತಪ್ಪಿತು.

ಬೇಲಿ ಹಚ್ಚಿದರೆ ನೆಲದ ನೀರು ಇಳಿಯುತ್ತದೆಯೇ ಎಂದು ಕೆಲವರು ಕೇಳುತ್ತಾರೆ. ಗಿಡ ನೀರು ಕುಡಿಯುತ್ತದೆ, ಎಲೆಯಿಂದ ಆವಿಯಾಗಿ ಬಿಡುತ್ತದೆ. ಹರಿಯಾಣದ ಪುಠಿ ಎಂಬ ಹಳ್ಳಿಯ ಜವಳು ಭೂಮಿಯಲ್ಲಿ ಕರ್ನಾಲದ ಮಣ್ಣು ಲವಣತೆ ಸಂಶೋಧನಾ ಸಂಸ್ಥೆಯವರು ಬದುಗಳ ಮೇಲೆ ನೀಲಗಿರಿ ಸಾಲು ಹಚ್ಚಿ ನೋಡಿದರು. ಮೂರು ವರ್ಷದಲ್ಲಿ ಆ ಸಾಲುಗಳ ಕೆಳಗಿನ ನೀರಿನ ಮಟ್ಟ ಸುಮಾರು 85 ಸೆಂಟಿಮೀಟರ್ ಇಳಿಯಿತು. ರಾಜಸ್ಥಾನದ ಇಂದಿರಾ ಗಾಂಧಿ ಕಾಲುವೆಯ ಮಗ್ಗುಲಲ್ಲೂ ಮರಸಾಲುಗಳಿಂದ ಇಂಥದೇ ಲಾಭ ಕಂಡಿದೆ. ಒಂದು ಮನೆಯ ಬೇಲಿಯಿಂದ ಅಷ್ಟು ದೊಡ್ಡ ಫಲ ಬಾರದು. ಆದರೆ ಒಂದು ಓಣಿಯವರೆಲ್ಲ ಕೂಡಿ ತಗ್ಗಿನ ಅಂಚಿಗೆ ಹೊಂಗೆ, ಕರಿಜಾಲಿ ಸಾಲು ಬೆಳೆಸಿದರೆ ನೆಲ ಬೇಗ ಆರುವುದರಲ್ಲಿ ಸಂದೇಹವಿಲ್ಲ.

ಓಣಿಯವರೆಲ್ಲ ಕೂಡುವುದಕ್ಕೆ ಇನ್ನೊಂದು ಕಾರಣವೂ ಇದೆ. ನನ್ನ ಹಿತ್ತಲಿಗೆ ಬದು ಹಾಕಿದರೆ ನೀರು ಎಲ್ಲಿಗೆ ಹೋಗುತ್ತದೆ? ನೆರೆಮನೆಗೆ. ನೆರೆಯವರು ಇನ್ನೂ ಎತ್ತರದ ಬದು ಹಾಕುತ್ತಾರೆ, ಕೊನೆಗೆ ನೀರು ಓಣಿಯ ಕೊನೆಯಲ್ಲಿರುವ ಬಡವರ ಮನೆಯ ಹೊಸ್ತಿಲು ಮುಟ್ಟುತ್ತದೆ. ತನ್ನ ಹಿತ್ತಲು ಒಣಗಿಸಿಕೊಳ್ಳಲು ಇನ್ನೊಬ್ಬರ ಮನೆ ಮುಳುಗಿಸುವ ಬೇಲಿ ನಮಗೆ ಬೇಡ. ಬದು ಹಾಕುವ ಮೊದಲೇ ಅಕ್ಕಪಕ್ಕದವರು ಕೂತು, ನೀರು ಯಾವ ದಾರಿಯಲ್ಲಿ ಹಳ್ಳ ಸೇರಬೇಕೆಂದು ಮಾತಾಡಿಕೊಳ್ಳಿ. ನೀರಿನ ಹಳೆಯ ದಾರಿಗೆ ಬದು ಅಡ್ಡ ಬಂದಲ್ಲಿ ಒಂದು ಸಿಮೆಂಟ್ ಪೈಪು ಇಡಿ. ಬಸಿಗಾಲುವೆಯ ಹೂಳು, ಹಳ್ಳದ ಜಾಲಿ ತೆಗೆಸುವುದು ಒಂದು ಮನೆಯಿಂದ ಆಗುವ ಕೆಲಸವಲ್ಲ. ಅದನ್ನು ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಹೊಂಗೆ, ಸೀಮೆಹುಣಸೆಯ ಸಸಿಗಳಿಗೆ ಅರಣ್ಯ ಇಲಾಖೆಯ ಸಸ್ಯಕ್ಷೇತ್ರದಲ್ಲಿ ಮಳೆಗಾಲಕ್ಕೆ ಮೊದಲೇ ವಿಚಾರಿಸಿ.

ಕೇಳುಗ ಬಂಧುಗಳೆ, ನಿಮ್ಮ ಹಿತ್ತಲಿನ ನೀರು ಎಲ್ಲಿ, ಎಷ್ಟು ದಿನ ನಿಲ್ಲುತ್ತದೆಂದು ನಿಮಗೆ ಈಗಾಗಲೇ ಗೊತ್ತಿದ್ದರೆ, ಈ ಬೇಸಿಗೆಯಲ್ಲೇ ಬದು ಹಾಕಿ, ಮೊದಲ ಮಳೆಗೆ ಲಕ್ಕಿಯ ಕಡ್ಡಿ ತನ್ನಿ. ಗೊತ್ತಿಲ್ಲದಿದ್ದರೆ ಒಂದು ಮಳೆಗಾಲ ಬರೀ ನೋಡಲಿಕ್ಕೆಂದು ಬಿಡಿ. ಉತ್ತರಾ ಮಳೆಯಲ್ಲಿ ಕುಣಿ ತೆಗೆದು ನೋಡಿ, ನೀರು ನಿಂತಲ್ಲಿ ಗೂಟ ಹೊಡೆದು ಗುರುತು ಮಾಡಿ. ಆ ಒಂದು ವರ್ಷ ತಡವಾದರೂ ನಷ್ಟವಿಲ್ಲ. ವರ್ಷ ವರ್ಷ ಗಿಡ ಹಚ್ಚಿ ವರ್ಷ ವರ್ಷ ಕಳೆದುಕೊಳ್ಳುವುದಕ್ಕಿಂತ, ಒಂದು ವರ್ಷ ನೆಲವನ್ನು ತಿಳಿದುಕೊಂಡು ಮಕ್ಕಳ ಕಾಲಕ್ಕೂ ಉಳಿಯುವ ಬೇಲಿ ಹಚ್ಚುವುದು ಲೇಸು. ಕಡ್ಡಿ ತರುವಾಗ ನಿಮಗೆ ಬೇಕಾದದ್ದಕ್ಕಿಂತ ಒಂದು ಕಟ್ಟು ಹೆಚ್ಚಿಗೆ ತಂದು ಪಕ್ಕದ ಮನೆಯವರಿಗೂ ಕೊಡಿ. ನಿಮ್ಮ ನೀರೂ ಅವರ ನೀರೂ ಹರಿಯುವುದು ಒಂದೇ ಹಳ್ಳಕ್ಕೆ.